ಸಮುದಾಯ ಅಂದ್ರೆ ಬರೀ ಜಾತೀನಾ?

ಹಾವೇರಿಯ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಸಮುದಾಯವಾದದ ಬಗ್ಗೆ ಪುಟಗಟ್ಟಲೆ ಹಾಕಿದ್ದೀರಿ. ನಮ್ಮೂರಲ್ಲಿ ಸಮುದಾಯ ಅಂದ್ರೆ ಜಾತಿ, ಒಂದೊಂದು ಜಾತಿಗೆ ಒಂದೊಂದು ಸಮುದಾಯ ಭವನ. ಹಳೇ ಜಾತಿಗೆ ಹೊಸ ಅಂಗಿ ತೊಡಿಸೋದು ಯಾಕೆ?"

ಸಂಪಾದಕರ ಉತ್ತರ:

ಸರ್, ನಿಮ್ಮ ಮಾತು ಅರ್ಧ ಖರೇ. ತಪ್ಪು ನಮ್ಮದು, ಪದವನ್ನು ಬಿಡಿಸಿ ಹೇಳಲಿಲ್ಲ.

ಮನುಷ್ಯ ಬರೀ ಒಂಟಿ ವ್ಯಕ್ತಿಯಲ್ಲ, ಹುಟ್ಟಿ ಬೆಳೆದ ಸಮುದಾಯವೇ ಅವನನ್ನು ರೂಪಿಸುತ್ತದೆ ಅನ್ನುವುದು ಸಮುದಾಯವಾದ. ಇದು ಅಮೆರಿಕದ ತತ್ವಜ್ಞಾನಿಗಳ ನಡುವೆ ಹುಟ್ಟಿದ ಜಗಳ. ನ್ಯಾಯದ ನಿಯಮ ಮಾಡಲು ಕೂತವರಿಗೆ ತಮ್ಮ ಮನೆತನ, ಧರ್ಮ, ಆಸ್ತಿ ಯಾವುದೂ ಗೊತ್ತಿರಬಾರದು ಅಂತ 1971ರಲ್ಲಿ ಜಾನ್ ರಾಲ್ಸ್ ವಾದಿಸಿದರು. 1982ರಲ್ಲಿ ಮೈಕೆಲ್ ಸ್ಯಾಂಡೆಲ್ ತಿರುಗಿ ಬಿದ್ದರು: ಎಲ್ಲ ಕಳಚಿಟ್ಟ ಮೇಲೆ ಉಳಿಯುವ ಆ ಮನುಷ್ಯ ಯಾರು? ಸ್ಯಾಂಡೆಲ್ ಪ್ರಕಾರ ಸಮುದಾಯ ಮೂರು ಥರ. ಲಾಭಕ್ಕೆ ಕೂಡುವುದು ಒಂದು. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಶುರುವಾದ ಸಹಕಾರ ಸಂಘಕ್ಕೆ ಜನ ಮೊದಲು ಬಂದದ್ದು ಸಾಲಕ್ಕೇ ಅಲ್ವಾ? ಕೂಡಿದವರ ಮೇಲೆ ಅಂತಃಕರಣ ಹುಟ್ಟುವುದು ಎರಡನೆಯದು. ಮೂರನೆಯದು ಗಟ್ಟಿ: ಅದನ್ನು ಕಿತ್ತರೆ ನಾನು ನಾನಾಗಿ ಉಳಿಯುವುದಿಲ್ಲ.

ನಮ್ಮ ಟ್ರಂಕಿನಲ್ಲಿ ಅಕ್ಕನ ಮದುವೆಯ ಮುಯ್ಯಿ ಪುಸ್ತಕ ಇದೆ. ನೀಲಿ ಶಾಯಿಯಲ್ಲಿ ಹೆಸರು, ಎದುರಿಗೆ 11, 21, 51, ಕೆಲವು ಕಡೆ ಬರೀ "ಕುಬಸದ ಖಣ". ಪಕ್ಕಾ ಲೆಕ್ಕ. ಆದರೆ 11 ಕೊಟ್ಟವರ ಮನೆಯ ಮದುವೆಗೆ ಜ್ವರ ಬಂದು ಹೋಗಲಾಗದೆ ಅವ್ವ ಎರಡು ದಿನ ಊಟ ಬಿಟ್ಟಳು, ದುಡ್ಡು ಕಳಿಸಿದ್ದರೂ. ಅದು ಲೆಕ್ಕವಲ್ಲ, ಅವಳೇ ಅದು.

ಇನ್ನು ನಿಮ್ಮ ಅರ್ಧ. ನಮ್ಮ ಹೊಲದಲ್ಲಿ ವರ್ಷಗಟ್ಟಲೆ ದುಡಿದ ಮನೆಯವರ ಹೆಸರು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. ಮದುವೆಯ ದಿನ ಅವರು ಎಲ್ಲರ ಪಂಕ್ತಿ ಎದ್ದ ಮೇಲೆ ಹಿತ್ತಲಲ್ಲಿ ಉಂಡರು. ನಾನು ಆಗ ಸಣ್ಣವನು, ನೋಡಿದ್ದೇನೆ, ಏನೂ ಅನಿಸಿರಲಿಲ್ಲ. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ, ನಮ್ಮ ಸಂವಿಧಾನದ ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಆಧಾರ ಮಾಡಿಕೊಂಡದ್ದು ಒಳ್ಳೆಯದಾಯಿತು ಅಂದದ್ದು ಸುಮ್ನೆ ಅಲ್ಲ.

ಆದರೂ ಈ ತತ್ವವನ್ನು ನಾನು ಪೂರ್ತಿ ಕೈಬಿಡಲಾರೆ. ಇದೇ ದಾರಿಯ ಇನ್ನೊಬ್ಬ ತತ್ವಜ್ಞಾನಿ ಅಲಸ್ಡೇರ್ ಮ್ಯಾಕಿಂಟೈರ್ (ಸಮುದಾಯವಾದಿ ಅನ್ನುವ ಹಣೆಪಟ್ಟಿ ಆತ ಒಪ್ಪಲೇ ಇಲ್ಲ, ಅದು ಬೇರೆ ಮಾತು) ಒಂದು ಉದಾಹರಣೆ ಕೊಡುತ್ತಾರೆ: "ನಾನೇನು ಗುಲಾಮರನ್ನು ಇಟ್ಟುಕೊಂಡಿರಲಿಲ್ಲವಲ್ಲ" ಅಂತ ಜಾರಿಕೊಳ್ಳುವ ಇಂದಿನ ಬಿಳಿಯ ಅಮೆರಿಕನ್. ಹಿರಿಯರಿಂದ ಆಸ್ತಿ ಬಂದಂತೆ ಸಾಲವೂ ಬರುತ್ತದೆ. ಬರೀ ಒಂಟಿ ವ್ಯಕ್ತಿ ಅಂದುಕೊಂಡರೆ ಆ ಹಿತ್ತಲಿನ ಊಟಕ್ಕೂ ನನಗೂ ಸಂಬಂಧವೇ ಇಲ್ಲ ಅಂತ ಆರಾಮ ಕೈ ತೊಳೆದುಕೊಳ್ಳಬಹುದು. ಆ ಪುಸ್ತಕದವನೇ ನಾನು ಅಂದರೆ, ಅದರಲ್ಲಿ ಬರೆಯದ ಹೆಸರುಗಳ ಬಾಕಿಯೂ ನನ್ನದೇ.

ನಿಮ್ಮ ಮನೆಯಲ್ಲೂ ಮುಯ್ಯಿ ಪುಸ್ತಕ ಇದ್ದೀತು. ತೆಗೆದು ನೋಡಿ, ಯಾರ ಹೆಸರು ಇಲ್ಲ ಅಂತ ಬರೆಯಿರಿ. ಅಚ್ಚು ಹಾಕುತ್ತೇವೆ.