ಹವೆಯೂ ಅದೇ, ಉಸಿರೂ ಅದೇ

ತೀರ್ಥಹಳ್ಳಿಯ ಓದುಗರೊಬ್ಬರು ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದರಂತೆ. ಎದೆಗೆ ಸ್ಟೆತಾಸ್ಕೋಪ್ ಇಟ್ಟ ನರ್ಸ್ ಹೇಳಿದ ಮಾತನ್ನು ಫೋನು ‘ಹವಾಮಾನ ಎಳೆಯಿರಿ’ ಎಂದು ಅನುವಾದಿಸಿತು. ‘ಹವೆಗೆ ಡೇನಿಷ್‌ನಲ್ಲಿ ಹೇಳುವ ಈ ವೆಅರ್ ನಮ್ಮ ವಾಯುವೇ ಅಲ್ಲವೇ? ಹಾಗಿದ್ದರೆ ಯೂರೋಪಿನ ಆ ಭಾಷೆಗಳೆಲ್ಲ ಸಂಸ್ಕೃತದಿಂದ ಹುಟ್ಟಿದವು ಎನ್ನಲು ಏನಡ್ಡಿ?’ ಎಂದು ಕೇಳಿದ್ದಾರೆ.

ನಿಮ್ಮ ಕಿವಿ ಚುರುಕಾಗಿದೆ ಸ್ವಾಮಿ. ನಂಟು ನಿಜ. ‘ಬೀಸು’ ಎಂಬರ್ಥದ ಒಂದೇ ಹಳೆಯ ಬೇರಿನಿಂದ ಸಂಸ್ಕೃತದ ವಾಯು, ವಾತಗಳೂ ಚಿಗುರಿವೆ, ಉತ್ತರ ಯೂರೋಪಿನವರ ಹಳೆಯ ವೆದ್ರ್ ಕೂಡ. ಆದರೆ ಅಕ್ಕತಂಗಿಯರಲ್ಲಿ ಒಬ್ಬಳನ್ನು ಎಳೆದು ತಾಯಿಯ ಪೀಠದಲ್ಲಿ ಕೂರಿಸಬೇಡಿ. ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ರಾಸ್ಮುಸ್ ರಾಸ್ಕ್ ಐಸ್‌ಲ್ಯಾಂಡಿನ ಮಾತನ್ನು ಗ್ರೀಕ್, ಲ್ಯಾಟಿನ್‌ಗಳ ಪಕ್ಕದಲ್ಲಿಟ್ಟು, ಧ್ವನಿಗೆ ಧ್ವನಿ ಹೊಂದಿಸಿ ನೋಡಿದ ಪ್ರಬಂಧ ಅಚ್ಚಾದದ್ದು 1818ರಲ್ಲಿ. ಅದಾದ ಮೇಲೆ ಆತ ಮುಂಬಯಿಗೂ ಬಂದ. ಅಷ್ಟು ದೂರ ನಡೆದು ಹುಡುಕಿದವರ ಕೆಲಸವನ್ನು ನಾವು ಒಂದು ಹೆಮ್ಮೆಯ ಮಾತಿಗೆ ಮಾರಿಕೊಳ್ಳಬಾರದು.

ನನಗೆ ಬೇರಿಗಿಂತ ಪ್ರೀತಿ ಆ ಪದ ಬದುಕಿದ ಬಗೆಯ ಮೇಲೆ. ಐಸ್‌ಲ್ಯಾಂಡಿನವರು ಇಂದಿಗೂ ವೇದುರ್ ಎನ್ನುತ್ತಾರೆ, ಸ್ವೀಡನ್ನಿನವರು ವೇದೆರ್. ಡೇನಿಷ್, ನಾರ್ವೇಜಿಯನ್ ನಾಲಗೆಯಲ್ಲಿ ನಡುವಿನ ದಕಾರ ಸವೆದುಹೋಯಿತು. ಡೇನರಿಗೆ ಉಸಿರಾಡುವುದೆಂದರೆ ‘ವೆಅರ್ ಎಳೆಯುವುದು’. ನರ್ಸ್ ಹೇಳಿದ್ದು ಅದನ್ನೇ, ಉಸಿರೆಳೆದುಕೊಳ್ಳಿ ಅಂತ! ಸ್ವೀಡಿಷ್‌ನಲ್ಲಿ ಹಾಸಿಗೆ ಬಟ್ಟೆ ಗಾಳಿಗೆ ಹಾಕುವುದಕ್ಕೂ ಬೇಟೆನಾಯಿ ಮೂಗೆತ್ತಿ ವಾಸನೆ ಹಿಡಿಯುವುದಕ್ಕೂ ಇದೇ ಪದದಿಂದ ಬಂದ ‘ವೇದ್ರಾ’. ಹೊಟ್ಟೆಯಿಂದ ಹೊರಬಿಡುವ ವಾಯುವಿಗೂ ವೇದೆರ್ ಎನ್ನುತ್ತಾರೆ. ಈ ನಾಲ್ಕೂ ನಾಡಿನವರು ಅದರ ಮುಂದೆ ‘ಅಲ್ಲ’ ಎಂಬರ್ಥದ ಉಪಸರ್ಗ ಸೇರಿಸಿ, ‘ಹವೆಯಲ್ಲದ ಹವೆ’ ಎಂಬಂತೆ, ಬಿರುಗಾಳಿಮಳೆಗೆ ಹೆಸರಿಟ್ಟಿದ್ದಾರೆ. ಗಾಳಿಯಂತ್ರಕ್ಕೆ ಸ್ವೀಡಿಷ್ ಹೆಸರು ‘ವೇದೆರ್‌ಕ್ವಾರ್ನ್’, ಗಾಳಿಯ ಬೀಸುಕಲ್ಲು. ಕನ್ನಡದಲ್ಲಿ ಗಾಳಿಯೂ ಬೀಸುತ್ತದೆ, ರಾಗಿಯನ್ನೂ ಬೀಸುತ್ತೇವೆ. ಇದನ್ನು ಮೊದಲು ಗಮನಿಸಿದ ದಿನ ನನಗೆ ಸಂಭ್ರಮವೋ ಸಂಭ್ರಮ. ಇಲ್ಲಿ ಬೇರಿನ ನಂಟೇನೂ ಇಲ್ಲ.

ನಮ್ಮ ‘ಹವಾಮಾನ’ದ ಹವಾ ಅರಬ್ಬಿಯಿಂದ ಪಾರ್ಸಿಯ ಮೂಲಕ ಬಂದದ್ದು. ಅಲ್ಲಿಯೂ ಅದರ ಅರ್ಥ ಗಾಳಿಯೇ. ಅದಕ್ಕೆ ಸಂಸ್ಕೃತದ ಮಾನ ಜೋಡಿಸಿ ನಮ್ಮದಾಗಿ ಮಾಡಿಕೊಂಡೆವಲ್ಲ, ಅದರ ಬಗ್ಗೆ ಯಾರೂ ನನಗೆ ಪತ್ರ ಬರೆಯುವುದಿಲ್ಲ.

ಫೋನಿನ ಮೇಲೆ ನನಗೆ ಸಿಟ್ಟಿದೆ. ನಮ್ಮ ಶಾಲೆಯ ಪುಟ್ಟ ನಿಘಂಟುಗಳ ಮೇಲೂ. ಒಂದು ಪದಕ್ಕೆ ಒಂದೇ ಅರ್ಥ ಕೊಟ್ಟು ಬಾಗಿಲು ಹಾಕಿಬಿಡುತ್ತವೆ. ಕಣದಲ್ಲಿ ನನ್ನಜ್ಜ ಒಂದು ಹಿಡಿ ಹೊಟ್ಟನ್ನು ಎತ್ತರದಿಂದ ಬಿಟ್ಟು, ಅದು ಬಿದ್ದ ದಿಕ್ಕು ನೋಡಿ, ‘ಗಾಳಿ ತಿರುಗ್ತು, ಮೊರ ತಾ’ ಎನ್ನುತ್ತಿದ್ದರು. ಆ ‘ಗಾಳಿ’ಯಲ್ಲಿ ದಿಕ್ಕಿತ್ತು, ಹೊತ್ತಿತ್ತು, ವರ್ಷದ ಅನ್ನವಿತ್ತು. ಇಂದಿನ ಮಕ್ಕಳಿಗೆ ‘ಗಾಳಿ ಬಂದಾಗ ತೂರಿಕೋ’ ಬರೀ ಪರೀಕ್ಷೆಯ ಗಾದೆ. ತೂರುವುದನ್ನು ಅವರಿಗೆ ತೋರಿಸಿದವರು ಯಾರು?

ಮುಂದಿನ ಪತ್ರದಲ್ಲಿ ವಂಶವೃಕ್ಷ ಬೇಡ. ನಿಮ್ಮೂರಿನಲ್ಲಿ ಭತ್ತ ತೂರುವಾಗ ಹಿರಿಯರು ಯಾವ ಯಾವ ಗಾಳಿಗೆ ಏನೇನು ಹೆಸರಿಟ್ಟು ಕರೆಯುತ್ತಿದ್ದರು ಎಂಬುದನ್ನು ಬರೆದು ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇನೆ.

— ಸಂಪಾದಕ