ಗಿಟಾರ್ ಬಾಡಿ ಒಳಗೆ ಪೊಳ್ಳೋ ಗಟ್ಟಿಯೋ, ಕೊಳ್ಳೋ ಮುಂಚೆ ತಿಳಿಯೋದು ಹೇಗೆ?

ತುಮಕೂರಿನಲ್ಲೇ ಒಬ್ಬರು ಲೆಸ್ ಪಾಲ್ (ಗಿಬ್ಸನ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್ ಮಾದರಿ) ಆಕಾರದ ಹಳೇ ಗಿಟಾರ್ ಮಾರ್ತಿದ್ದಾರೆ, "ಚೇಂಬರ್ಡ್ ಬಾಡಿ, ಅದಕ್ಕೇ ಹಗುರ, ಅದಕ್ಕೇ ಬೆಲೆ ಜಾಸ್ತಿ" ಅಂತಾರೆ, ನಂಬಬಹುದಾ ಅಂತ ಕೇಳಿದ್ದೀರಿ. ಚೇಂಬರ್ಡ್ ಅಂದ್ರೆ ಮರದ ಒಳಗೆ ಗೂಡು ಕೊರೆದ ಬಾಡಿ. ನಾನೂ ಇದೇ ಊರಿನವನು, ಸ್ನೇಹಿತರ ಗಿಟಾರ್ ವೈರಿಂಗ್ ಸರಿಮಾಡಿಕೊಡ್ತಿರ್ತೀನಿ. ಹಗುರ ಅನ್ನೋ ಒಂದೇ ಕಾರಣಕ್ಕೆ ದುಡ್ಡು ಎಣಿಸಬೇಡಿ.

ತೂಕ ಹಾಕಿ, ತಪ್ಪಿಲ್ಲ. ದಿನಸಿ ಅಂಗಡಿಯ ಡಿಜಿಟಲ್ ತಕ್ಕಡಿ ಸಾಕು. ಗಟ್ಟಿ ಮಹಾಗನಿಯ ಲೆಸ್ ಪಾಲ್ ಸಾಮಾನ್ಯವಾಗಿ 4 ಕೆ.ಜಿ. ದಾಟುತ್ತೆ, ಚೇಂಬರ್ಡ್ ಆದ್ರೆ ಮೂರೂವರೆ ಆಸುಪಾಸು. ಆದ್ರೆ ಬಾಸ್‌ವುಡ್, ಪೌಲೋನಿಯಾದಂಥ ಹಗುರ ಮರದ ಗಿಟಾರ್ ಪೂರ್ತಿ ಗಟ್ಟಿಯಾಗಿದ್ರೂ ಅಷ್ಟೇ ತೂಗಬಹುದು.

ಇನ್ನು ತಟ್ಟಿ ನೋಡೋದು. ಹಲಸಿನ ಹಣ್ಣು ತಟ್ಟಿದ ಹಾಗೆ ಒಂದೇ ಕಡೆ ತಟ್ಟಿದ್ರೆ ಏನೂ ಗೊತ್ತಾಗಲ್ಲ. ಮಡಚಿದ ಕಂಬಳಿ ಮೇಲೆ ಬೋರಲು ಮಲಗಿಸಿ, ಬೆರಳ ಗಂಟಿನಿಂದ ನಡುವಿನಿಂದ ಅಂಚಿನ ಕಡೆಗೆ ತಟ್ಟುತ್ತಾ ಹೋಗಿ. ನಡುವೆ ಬಿಗಿಯಾಗಿದ್ದ ಸದ್ದು ಎರಡೂ ಪಕ್ಕದಲ್ಲಿ ಪೊಳ್ಳಾಗಿ ಕೇಳಿದ್ರೆ ಅನುಮಾನಕ್ಕೆ ಜಾಗ ಇದೆ. ಕಂಟ್ರೋಲ್ (ವಾಲ್ಯೂಮ್, ಟೋನ್) ಮುಚ್ಚಳದ ಮೇಲೆ, ಪಿಕಪ್ (ತಂತಿಯ ಕಂಪನ ಹಿಡಿಯೋ ಭಾಗ) ಕೂರಿಸಿದ ಗುಂಡಿಗಳ ಹಿಂದೆ ಗಟ್ಟಿ ಗಿಟಾರೂ ಪೊಳ್ಳಾಗೇ ಕೇಳುತ್ತೆ, ಅದನ್ನ ಲೆಕ್ಕಕ್ಕೆ ತಗೋಬೇಡಿ.

ನಾನು ನಂಬೋದು ಕಣ್ಣನ್ನ. ಕೇಬಲ್ ತೆಗೆದು, ಹಿಂಬದಿ ಮುಚ್ಚಳದ ಸ್ಕ್ರೂ ಬಿಚ್ಚಿ, ಮೊಬೈಲ್ ಟಾರ್ಚ್ ಹಿಡಿದು ಪೊಟೆನ್ಶಿಯೋಮೀಟರ್‌ಗಳ (ವಾಲ್ಯೂಮ್, ಟೋನ್ ತಿರುಗಿಸೋ ಭಾಗ) ಪಕ್ಕದ ಮರದ ಗೋಡೆ ನೋಡಿ. ಡ್ರಿಲ್ ಬಿಟ್ಟಿನ ದುಂಡನೆ ತೂತೊಂದು ಪಿಕಪ್ ಕಡೆ ಹೋಗಿ, ಅದರಲ್ಲಿ ವೈರ್ ಇದ್ರೆ ಅದು ಬರೀ ವೈರಿನ ದಾರಿ, ಗಟ್ಟಿ ಗಿಟಾರ್‌ಗಳಲ್ಲೂ ಇರುತ್ತೆ. ಕೆಲವು ಲೆಸ್ ಪಾಲ್‌ಗಳಲ್ಲಿ ಪಿಕಪ್ ಆರಿಸೋ ಟಾಗಲ್ ಸ್ವಿಚ್‌ವರೆಗೂ ಉದ್ದ ಕಾಲುವೆ ತೋಡಿರ್ತಾರೆ, ಅದನ್ನೇ ತೋರಿಸಿ "ನೋಡಿ ಪೊಳ್ಳು" ಅಂದ್ರೆ ಒಪ್ಪಬೇಡಿ. ಚೇಂಬರ್ ಅಂದ್ರೆ ಅಗಲವಾದ ಗೂಡು: ತಳ ಸಪಾಟು, ಗೋಡೆಯಲ್ಲಿ ರೌಟರ್ (ಮರ ಕೊರೆಯೋ ಯಂತ್ರ) ಕೊರೆದ ಗೆರೆ, ಒಳಗೆ ವೈರಿನ ಸುಳಿವೇ ಇಲ್ಲ. ತಂತಿ ಸಡಿಲಿಸಿ ಪಿಕಪ್ ಎತ್ತಿ ಅಲ್ಲೂ ಇಣುಕಿ. ಮೊಬೈಲಿಗೆ ಸಿಕ್ಕಿಸೋ ಎಂಡೋಸ್ಕೋಪ್ ಕ್ಯಾಮೆರಾ ಸಿಕ್ಕರೆ ಇನ್ನೂ ಒಳ್ಳೇದು.

ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ಗಟ್ಟಿ ಅಂತಲೂ ಅಲ್ಲ. ಗಿಬ್ಸನ್ 1980ರ ದಶಕದಿಂದ ಮೇಲಿನ ಮೇಪಲ್ ಮರದ ಹೊದಿಕೆಯ ಕೆಳಗೆ ಒಂಬತ್ತು ದುಂಡು ತೂತು ಕೊರೆದು ತೂಕ ಇಳಿಸಿತ್ತು, ಅವು ಹೊರಗಿನಿಂದ ಕಾಣಲ್ಲ, ಎಕ್ಸ್-ರೇನೇ ಬೇಕು. ನಿಮ್ಮದು ಅಸಲಿ ಗಿಬ್ಸನ್ ಆದ್ರೆ ಮಾಡೆಲ್, ವರ್ಷ ತಿಳ್ಕೊಳ್ಳಿ: 2008ರ ಸ್ಟಾಂಡರ್ಡ್ ಚೇಂಬರ್ಡೇ. ಫೆಂಡರ್‌ನ 1968ರ ಟೆಲಿಕಾಸ್ಟರ್ ಥಿನ್‌ಲೈನ್‌ನಲ್ಲಂತೂ ಮುಂಬದಿಯ "f" ಆಕಾರದ ತೂತೇ ಎಲ್ಲಾ ಹೇಳಿಬಿಡುತ್ತೆ.

ನಾದದ ವ್ಯತ್ಯಾಸಕ್ಕೆ ಹೆಚ್ಚು ದುಡ್ಡು ಕೊಡೋದು ನನಗೆ ಒಪ್ಪಿಗೆ ಇಲ್ಲ, ಆಂಪ್ಲಿಫೈಯರ್‌ಗೆ ಹಾಕಿದ ಮೇಲೆ ಪಿಕಪ್‌ನದ್ದೇ ದೊಡ್ಡ ಪಾತ್ರ. ಸ್ಟ್ರಾಪ್ ಹಾಕಿ ಸ್ವಲ್ಪ ಹೊತ್ತು ನಿಂತು ನುಡಿಸಿ, ಬಾಡಿ ತೀರಾ ಹಗುರವಾಗಿ ನೆಕ್ ಕೆಳಕ್ಕೆ ವಾಲುತ್ತಾ ಅಂತ ಖಂಡಿತ ನೋಡಿ. ಮುಚ್ಚಳ ಬಿಚ್ಚೋಕೆ ಮಾರುವವರು ಒಪ್ಪದಿದ್ರೆ, ಗಟ್ಟಿ ಬಾಡಿಯ ಬೆಲೆಗಿಂತ ಒಂದು ರೂಪಾಯಿನೂ ಹೆಚ್ಚು ಕೊಡಬೇಡಿ.