ಕಾಯಿಲೆ ಅಣ್ಣನಿಗೆ, ತರಗತಿ ನಮಗೆ ಯಾಕೆ?

ನಿಮ್ಮ ಪ್ರಶ್ನೆ ಓದಿದೆ. ಅಣ್ಣನಿಗೆ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿಗಳು ಕೇಳಿಸುವ, ಇಲ್ಲದ ಅನುಮಾನಗಳು ಕಾಡುವ ಮಾನಸಿಕ ಕಾಯಿಲೆ, ಅಂತ ಗೊತ್ತಾಗಿದೆ, ಔಷಧಿ ಶುರುವಾಗಿದೆ. ಮನೆಯವರಿಗೆಂದೇ ನಡೆಯುವ ತರಗತಿಗೆ ಹೋಗಿ ಅಂತ ಡಾಕ್ಟರು ಹೇಳಿದ್ದಾರೆ. ಅಣ್ಣ ಬರಲ್ಲ ಅಂತಿದ್ದಾನೆ. ‘ಕಾಯಿಲೆ ಅವನಿಗೆ, ನಾವು ಹೋಗಿ ಕೂತು ಏನು ಪ್ರಯೋಜನ?’ ಅಂತ ಕೇಳಿದ್ದೀರಿ.

ಹೋಗಿ. ಅವನು ಬರದಿದ್ದರೂ ನೀವು ಹೋಗಿ. ನನ್ನ ತಂಗಿಗೂ ಇದೇ ಕಾಯಿಲೆ. ಅವಳು ಬರಲಿಲ್ಲ, ಅಮ್ಮನೂ ನಾನೂ ಹೋದೆವು. ಈಗ ಹೊಸದಾಗಿ ಬರುವವರ ಜೊತೆ ನಾನೇ ಕೂರುತ್ತೇನೆ, ಸಂಬಳವಿಲ್ಲದ ಕೆಲಸ. ಹಾಗಾಗಿ ಎರಡೂ ಕಡೆಯಿಂದ ನೋಡಿ ಹೇಳುತ್ತಿದ್ದೇನೆ.

ಮನೆಯವರು ಯಾಕೆ ಅನ್ನುವುದಕ್ಕೆ ಒಂದು ಹಳೇ ಕಥೆ ಇದೆ. 1950ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಅನ್ನುವ ಸಮಾಜಶಾಸ್ತ್ರಜ್ಞ, ಆಸ್ಪತ್ರೆಯಿಂದ ಬಿಡುಗಡೆಯಾದವರು ಆಮೇಲೆ ಹೇಗಿರುತ್ತಾರೆ ಅಂತ ನೋಡುತ್ತಾ ಹೋದರು. ಬಾಡಿಗೆ ಕೋಣೆಗೋ ಒಡಹುಟ್ಟಿದವರ ಮನೆಗೋ ಹೋದವರು ಒಂದಷ್ಟು ನೆಮ್ಮದಿಯಾಗಿದ್ದರು. ಅಪ್ಪ ಅಮ್ಮನ ಜೊತೆ, ಗಂಡ ಅಥವಾ ಹೆಂಡತಿಯ ಜೊತೆ ಇದ್ದವರಲ್ಲೇ ಜಾಸ್ತಿ ಜನ ಮತ್ತೆ ಆಸ್ಪತ್ರೆ ಸೇರಿದರು. ವಿಚಿತ್ರ ಅಲ್ವಾ? ಮುಂದೆ ಬ್ರೌನ್ ಮತ್ತು ಅವರ ಜೊತೆಗಾರರು ಕೆದಕಿ ನೋಡಿದಾಗ ಅಂಥ ಮನೆಗಳಲ್ಲಿ ಮೂರು ಸಂಗತಿ ಕಂಡವು: ಸದಾ ತಪ್ಪು ಹುಡುಕುವುದು, ಸಿಟ್ಟು ತೋರಿಸುವುದು, ಅತಿಯಾಗಿ ಕಾಳಜಿ ಮಾಡಿ ಬೆನ್ನಿಗೇ ಇರುವುದು. ಮೂರನೆಯದು ಪ್ರೀತಿಯಿಂದಲೇ ಬರುತ್ತದೆ. ಸ್ನಾನದ ಕೋಣೆಯ ಬಾಗಿಲ ಹೊರಗೆ ನಿಂತು ‘ಆಯ್ತಾ? ಆಯ್ತಾ?’ ಅಂತ ಕೇಳುವ ಅಮ್ಮ ಇದ್ದಾರಲ್ಲ, ಅದು.

ಇದನ್ನು ಕೇಳಿದ ತಕ್ಷಣ ಎಷ್ಟೋ ತಾಯಂದಿರು ‘ಹಾಗಾದರೆ ನನ್ನಿಂದಲೇ ಬಂತಾ?’ ಅಂತಾರೆ. ಇಲ್ಲ. ಕಾಯಿಲೆ ಮನೆಯವರಿಂದ ಬರುವುದಿಲ್ಲ. ತಾಯಿಯ ಸ್ವಭಾವವೇ ಕಾರಣ ಅಂತ ಹೇಳುವ ಒಂದು ವಾದ ಇತ್ತು ನಿಜ. ಫ್ರೀಡಾ ಫ್ರಾಮ್-ರೈಖ್‌ಮನ್ ಅನ್ನುವ ಮನೋವೈದ್ಯೆ 1948ರಲ್ಲಿ ಅದಕ್ಕೊಂದು ಹೆಸರನ್ನೂ ಕೊಟ್ಟರು. ಆ ವಾದ ಬಿದ್ದುಹೋಯಿತು, ಆದರೆ ಬೀಳುವ ಮೊದಲು ಎಷ್ಟೋ ತಾಯಂದಿರಿಗೆ ಕಣ್ಣೀರು ಹಾಕಿಸಿಬಿಟ್ಟಿತು. ಬ್ರೌನ್ ನೋಡಿದ್ದು ಬೇರೆಯೇ ವಿಷಯ: ಈಗಾಗಲೇ ಇರುವ ಕಾಯಿಲೆ ಯಾವ ಗಾಳಿಯಲ್ಲಿ ಮತ್ತೆ ಉಲ್ಬಣಿಸುತ್ತದೆ ಅನ್ನುವುದು. ಗಾಳಿಯನ್ನು ಬದಲಿಸಬಹುದು. ಔಷಧಿಯ ಜೊತೆಗೆ ಮನೆಯವರಿಗೂ ಕಲಿಸಿದರೆ ಕಾಯಿಲೆ ಮರುಕಳಿಸುವುದು ಕಡಿಮೆಯಾಗುತ್ತದೆ ಅಂತ ಆಮೇಲಿನ ಹಲವು ಅಧ್ಯಯನಗಳು ತೋರಿಸಿವೆ.

ನಮ್ಮ ಕಡೆಯ ಡಾಕ್ಟರೊಬ್ಬರು ಇದನ್ನು ಬೇಗನೇ ಮಾಡಿ ನೋಡಿದ್ದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ, ಮನೆಯವರನ್ನು ರೋಗಿಗಳ ಜೊತೆ ಉಳಿಸಿಕೊಂಡು, ಗುಂಪಾಗಿ ಕೂರಿಸಿ ಕಾಯಿಲೆಯ ಬಗ್ಗೆ ಮಾತಾಡುತ್ತಿದ್ದರು.

ಇನ್ನು ತರಗತಿಯಲ್ಲಿ ಏನಿರುತ್ತದೆ ಅಂದರೆ, ಮೆದುಳಿನ ವಿಷಯ, ಔಷಧಿ, ಅಡ್ಡಪರಿಣಾಮ ಇವೆಲ್ಲ ಇರುತ್ತವೆ. ಅದನ್ನು ಪುಸ್ತಕದಲ್ಲೂ ಓದಬಹುದು. ಪುಸ್ತಕದಲ್ಲಿ ಸಿಗದ್ದು ಅಭ್ಯಾಸಗಳು. ಒಂದನ್ನು ಹೇಳುತ್ತೇನೆ, ಕಾಯಿಲೆಯವರಿಗೆ ಕೇಳಿಸುವ ದನಿಗಳು ಹೇಗಿರುತ್ತವೆ ಅಂತ ತಿಳಿಯಲು ಹಲವು ಕಡೆ ಮಾಡಿಸುತ್ತಾರೆ. ಒಬ್ಬರು ಕುರ್ಚಿಯಲ್ಲಿ ಕೂರಬೇಕು. ಎದುರಿಗೆ ಇನ್ನೊಬ್ಬರು ಕೂತು ಹೆಸರು, ವಿಳಾಸ, ನೂರರಿಂದ ಏಳೇಳು ಕಳೆಯಿರಿ, ಇಂಥ ಸುಲಭದ ಪ್ರಶ್ನೆ ಕೇಳುತ್ತಾರೆ. ಅದೇ ಹೊತ್ತಿಗೆ ಹಿಂದೆ ನಿಂತ ಮೂರನೆಯವರು ಕಾಗದವನ್ನು ಕೊಳವೆಯ ಹಾಗೆ ಸುತ್ತಿ, ಕಿವಿಗೆ ಹಿಡಿದು ಪಿಸುಗುಡುತ್ತಾರೆ: ‘ಇವನನ್ನು ನಂಬಬೇಡ. ಎಲ್ಲ ನಿನ್ನನ್ನೇ ನೋಡ್ತಿದ್ದಾರೆ. ನಿನ್ನ ಕೈಲಿ ಆಗಲ್ಲ.’ ನಿಲ್ಲಿಸುವುದೇ ಇಲ್ಲ. ನಮ್ಮ ಗುಂಪಿನಲ್ಲಿ ಗಟ್ಟಿಮುಟ್ಟಾದ ಒಬ್ಬರು ಅಪ್ಪ ತೊಂಬತ್ತಮೂರು ಅಂದರು, ಎಂಬತ್ತಾರು ಅಂದರು, ಅಲ್ಲಿಗೆ ನಿಂತರು. ಪ್ರಶ್ನೆಯೇ ಕೇಳಿಸುತ್ತಿಲ್ಲ ಅಂದರು. ಮಗ ಕರೆದರೆ ತಿರುಗಿ ನೋಡಲ್ಲ, ಬೇಕಂತಲೇ ಹಾಗೆ ಮಾಡ್ತಾನೆ ಅಂತ ದೂರುತ್ತಾ ಬಂದವರು ಅವರು. ಆಮೇಲೆ ಆ ದೂರು ಅವರ ಬಾಯಲ್ಲಿ ಬರಲಿಲ್ಲ.

ಇನ್ನೊಂದು ದೊಡ್ಡ ಪಾಠ ಮಾತಿನದ್ದು. ಮಧ್ಯಾಹ್ನದವರೆಗೂ ಮಲಗಿರುವುದು, ಸ್ನಾನ ಬೇಡ ಅನ್ನುವುದು, ಯಾವುದರಲ್ಲೂ ಆಸೆ ಇಲ್ಲದಿರುವುದು. ಇವು ಸೋಮಾರಿತನ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಇವೂ ಕಾಯಿಲೆಯ ಲಕ್ಷಣಗಳೇ, ಮತ್ತು ಔಷಧಿಗೆ ಇವು ಅಷ್ಟು ಬೇಗ ಬಗ್ಗುವುದಿಲ್ಲ. ‘ಎಷ್ಟೊತ್ತು ಬಿದ್ದಿರ್ತೀಯ?’ ಅನ್ನುವ ಬದಲು ‘ಹತ್ತು ನಿಮಿಷ ಹೊರಗೆ ನಡೆದು ಬರೋಣ, ಬರ್ತೀಯಾ?’ ಅಂತ ಕೇಳುವುದನ್ನು ಅಲ್ಲಿ ಬಾಯಿಬಿಟ್ಟು ಅಭ್ಯಾಸ ಮಾಡಿಸುತ್ತಾರೆ. ಮೊದಮೊದಲು ನಾಟಕ ಆಡಿದ ಹಾಗೆ ಅನ್ನಿಸಿ ನಗು ಬರುತ್ತದೆ. ಪಕ್ಕದ ಮನೆಯವರು ನನ್ನ ಮೇಲೆ ಕಣ್ಣಿಟ್ಟಿದ್ದಾರೆ ಅಂತ ಅಣ್ಣ ಅಂದಾಗ ವಾದಕ್ಕೆ ಇಳಿಯಬಾರದು, ಹೌದು ಅಂತ ತಲೆಯೂ ಆಡಿಸಬಾರದು. ‘ಹಾಗನ್ನಿಸಿದರೆ ಭಯ ಆಗುತ್ತೆ ಅಲ್ವಾ, ನಾನು ಇಲ್ಲೇ ಕೂತಿರ್ತೀನಿ’ ಅಂದರೆ ಸಾಕು. ಹೇಳುವುದು ಸುಲಭ, ರಾತ್ರಿ ಎರಡು ಗಂಟೆಗೆ ಮಾಡುವುದು ಕಷ್ಟ. ಅದಕ್ಕೇ ಅಭ್ಯಾಸ.

ಮರುಕಳಿಸುವ ಮುನ್ಸೂಚನೆಗಳನ್ನೂ ಅಲ್ಲೇ ಪಟ್ಟಿ ಮಾಡಿಸುತ್ತಾರೆ. ತುಂಬಾ ಜನರಲ್ಲಿ ಮೊದಲು ನಿದ್ದೆ ಕೆಡುತ್ತದೆ. ಯಾರಿಗೆ ಫೋನ್ ಮಾಡಬೇಕು, ಯಾವ ಔಷಧಿ ಎಷ್ಟು ನಡೆಯುತ್ತಿದೆ ಅಂತ ಒಂದು ಹಾಳೆಯಲ್ಲಿ ಬರೆಸುತ್ತಾರೆ. ಅಣ್ಣ ಹುಷಾರಾಗಿರುವ ಹೊತ್ತಿನಲ್ಲಿ ಅವನನ್ನು ಕೇಳಿಯೇ ಅದನ್ನು ಬರೆಯುವುದು ಒಳ್ಳೆಯದು.

ಕಲಿಸುವವರು ಯಾವಾಗಲೂ ಡಾಕ್ಟರೇ ಆಗಿರುವುದಿಲ್ಲ. ಅಮೆರಿಕದಲ್ಲಿ ರೋಗಿಗಳ ಮನೆಯವರೇ 1979ರಲ್ಲಿ ಕಟ್ಟಿದ ನಾಮಿ ಅನ್ನುವ ಸಂಸ್ಥೆ ಇದೆ. ಅವರ ‘ಫ್ಯಾಮಿಲಿ-ಟು-ಫ್ಯಾಮಿಲಿ’ ಅನ್ನುವ ಉಚಿತ ತರಗತಿ 8 ಪಾಠಗಳದ್ದು. ತರಬೇತಿ ಪಡೆದ ಮನೆಯವರೇ ಅದನ್ನು ನಡೆಸುತ್ತಾರೆ. ಬೆಂಬಲ ಗುಂಪು ಅನ್ನುವುದು ಬೇರೆ. ಅಲ್ಲಿ ಪಾಠ ಇರುವುದಿಲ್ಲ, ಸುಮ್ನೆ ಬಂದು ಕೂತು ಮಾತಾಡಬಹುದು, ಮಾತಾಡದೆಯೂ ಇರಬಹುದು. ಮೊದಲು ತರಗತಿ, ಆಮೇಲೆ ಗುಂಪು ಅನ್ನುವುದು ನನ್ನ ಸಲಹೆ.

ಅಣ್ಣನಿಗೆ ಮುಂದೆ ಮನಸ್ಸಾದರೆ ಅವನಂಥವರೇ ನಡೆಸುವ ಗುಂಪುಗಳಿವೆ, ಕ್ಲಬ್‌ಹೌಸ್‌ಗಳಿವೆ. ನ್ಯೂಯಾರ್ಕಿನ ಫೌಂಟನ್ ಹೌಸ್ ಈ ಕ್ಲಬ್‌ಹೌಸ್‌ಗಳಿಗೆಲ್ಲ ಮೂಲ. ಆಸ್ಪತ್ರೆಯಿಂದ ಹೊರಬಂದವರೇ ಗುಂಪು ಕಟ್ಟಿಕೊಂಡು ಶುರುಮಾಡಿದ್ದು, ಅದೂ ಅದೇ 1948ರಲ್ಲಿ. ಒಂದು ಕಡೆ ತಾಯಂದಿರ ಮೇಲೆ ಗೂಬೆ ಕೂರಿಸುತ್ತಿದ್ದಾಗ ಇನ್ನೊಂದು ಕಡೆ ಇವರು ಮನೆ ಹುಡುಕಿಕೊಂಡಿದ್ದರು! ಅಲ್ಲಿ ಯಾರನ್ನೂ ರೋಗಿ ಅನ್ನುವುದಿಲ್ಲ, ಸದಸ್ಯರು ಅಂತಾರೆ. ಅಡುಗೆ, ಲೆಕ್ಕ, ಫೋನ್ ಎತ್ತುವುದು, ಎಲ್ಲವನ್ನೂ ಸದಸ್ಯರೂ ಸಿಬ್ಬಂದಿಯೂ ಸೇರಿ ಮಾಡುತ್ತಾರೆ. ಬಲವಂತವಾಗಿ ಕರೆದುಕೊಂಡು ಹೋಗಬೇಡಿ, ಬರುವುದಿದ್ದರೆ ಅವನೇ ಬರಬೇಕು.

ಎಚ್ಚರಿಕೆಯ ಮಾತು: ಔಷಧಿ ನಿಲ್ಲಿಸಿ ಅನ್ನುವ ಗುಂಪಿನಿಂದ ಎದ್ದು ಬನ್ನಿ. ಏನಾದರೂ ಮಾರಲು ಬಂದರೂ ಅಷ್ಟೇ. ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದು ಅನ್ನುವ ನಿಯಮವನ್ನು ಮೊದಲ ದಿನವೇ ಹೇಳದಿದ್ದರೆ ನೀವೇ ಕೇಳಿ. ಅಣ್ಣ ಸಾಯುವ ಮಾತಾಡಿದರೆ ಮುಂದಿನ ವಾರದ ತರಗತಿಗೆ ಕಾಯಬೇಡಿ, ಆಗಲೇ ಡಾಕ್ಟರಿಗೆ ಫೋನ್ ಮಾಡಿ, ಅವನನ್ನು ಒಂಟಿಯಾಗಿ ಬಿಡಬೇಡಿ.

ಅವನಿಗೆ ಗೊತ್ತಾಗದ ಹಾಗೆ ಹೋಗಬೇಕಾ ಅಂತಲೂ ಕೇಳಿದ್ದೀರಿ. ಬೇಡ. ಕದ್ದು ಹೋದರೆ, ಮೊದಲೇ ಅನುಮಾನದಲ್ಲಿರುವವನಿಗೆ ಅದೇ ಇನ್ನೊಂದು ಸಾಕ್ಷಿ ಆಗುತ್ತದೆ. ‘ನಿನ್ನ ಜೊತೆ ಹೇಗಿರಬೇಕು ಅಂತ ಕಲಿಯೋಕೆ ಹೋಗ್ತಿದ್ದೀವಿ, ಇಷ್ಟು ಹೊತ್ತಿಗೆ ಬರ್ತೀವಿ’ ಅಂತ ನೇರವಾಗಿ ಹೇಳಿ. ಬಂದ ಮೇಲೆ ಅಲ್ಲಿ ಏನು ಹೇಳಿದರು ಅಂತ ಕೇಳಿದರೆ ನಿಮ್ಮ ಪಾಠದ ಬಗ್ಗೆ ಹೇಳಿ, ಬೇರೆ ಮನೆಯವರ ಕಥೆ ಬೇಡ. ಕೇಳದಿದ್ದರೆ ಬಿಟ್ಟುಬಿಡಿ.